ಆಟಕ್ಕುಂಟು, ಲೆಕ್ಕಕ್ಕಿಲ್ಲವೆ?

ಓಣಿಯ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ, ಬೆನ್ನುಹತ್ತಿ ಬಂದ ಪುಟ್ಟ ತಮ್ಮನನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದುಂಟು. ಅವನು ಓಡಬಹುದು, ಅಡಗಬಹುದು, ಸಿಕ್ಕಿಬಿದ್ದರೂ ಔಟಲ್ಲ. ದೊಡ್ಡವರ ಬದುಕಿನಲ್ಲಿ ಆಟದ ಪಾಡೂ ಹೀಗೆಯೇ. ಓದು, ದುಡಿಮೆ, ಸಂಸಾರ ಎಲ್ಲ ಮುಗಿದು ವೇಳೆ ಮಿಕ್ಕರೆ ಆಟ. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಈ ಲೆಕ್ಕವೇ ತಪ್ಪು ಎಂದವರು ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೈಜಿಂಗಾ. ಮನುಷ್ಯನನ್ನು ‘ವಿವೇಕಿ’ ಎಂದೂ ‘ಉಪಕರಣ ಮಾಡುವವ’ನೆಂದೂ ಕರೆದದ್ದಾಯಿತು, ‘ಆಡುವವ’ ಎಂಬುದೂ ಅಷ್ಟೇ ಮುಖ್ಯ ಎಂದು ಅವರು 1938ರಲ್ಲಿ ‘ಹೋಮೋ ಲೂಡೆನ್ಸ್’ ಎಂಬ ಗ್ರಂಥ ಬರೆದರು. ಆಟ ಸಂಸ್ಕೃತಿಗಿಂತ ಹಳೆಯದು, ನಾಯಿಮರಿಗಳೂ ಆಡುತ್ತವೆ. ಕಾವ್ಯ, ನ್ಯಾಯಾಲಯ, ತತ್ವಚಿಂತನೆ ಎಲ್ಲವೂ ಆಟದ ರೂಪದಲ್ಲೇ ಬೆಳೆದವು ಎಂಬುದು ಅವರ ವಾದ.

ಹೈಜಿಂಗಾ ಅವರಿಗೆ ಭಾರತದ ನಂಟೂ ಇತ್ತು. 1897ರ ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಸಂಸ್ಕೃತ ನಾಟಕಗಳ ವಿದೂಷಕ. ಆಟದ ಬಗ್ಗೆ ಬರೆಯುವಾಗ ಅವರು ಕ್ರೀಡೆ, ಲೀಲೆ, ವಿಲಾಸ ಮುಂತಾದ ಸಂಸ್ಕೃತ ಪದಗಳನ್ನು ಪರಿಶೀಲಿಸಿದರು. ಕನ್ನಡದಲ್ಲಂತೂ ಒಂದೇ ಪದ ಸಾಕು. ಕುಂಟೆಬಿಲ್ಲೆಯೂ ಆಟ, ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟ, ವಿಧಿಯದೂ ಆಟ. ಯಾವ ಕೊರತೆಯೂ ಇಲ್ಲದ ದೇವರು ಜಗತ್ತನ್ನು ಏಕೆ ಸೃಷ್ಟಿಸಿದ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರ ಕೊಡುವ ಉತ್ತರವೂ ‘ಲೀಲೆ’.

ಹಾಗಾದರೆ ಆಟದ ಬೆಲೆ ಏನು? ಯಾರೂ ಬಲವಂತಪಡಿಸುವುದಿಲ್ಲ, ಹೊಟ್ಟೆಗೇನೂ ಸಿಗುವುದಿಲ್ಲ. ಆದರೂ ಮಕ್ಕಳು ನೆಲದ ಮೇಲೆ ಇದ್ದಲಿನಿಂದ ಗೆರೆ ಎಳೆದು, ಅದನ್ನು ತುಳಿಯಬಾರದೆಂದು ತಾವೇ ಒಪ್ಪಿಕೊಳ್ಳುತ್ತಾರೆ. ಸ್ವಾತಂತ್ರ್ಯ ಮತ್ತು ನಿಯಮ ಇಲ್ಲಿ ಜಗಳವಾಡುವುದಿಲ್ಲ. ಮೋಸಗಾರನಿಗಿಂತ ಆಟ ಕೆಡಿಸುವವನು ಹೆಚ್ಚು ಅಪಾಯಕಾರಿ ಎಂದು ಹೈಜಿಂಗಾ ಗುರುತಿಸಿದ್ದು ಇದಕ್ಕಾಗಿ. ಮೋಸಗಾರ ಗೆರೆಗೆ ಕನಿಷ್ಠ ಹೆದರುತ್ತಾನೆ. ಕೆಡಿಸುವವನು ಗೆರೆಯನ್ನೇ ಅಳಿಸುತ್ತಾನೆ. ದೇಶಗಳ ನಡುವಿನ ಒಪ್ಪಂದಗಳೂ ಇಂಥ ಗೆರೆಗಳೇ ಎಂದು ಅವರು ಎಚ್ಚರಿಸಿದ್ದರು.

ಅದು ನಾಝಿಗಳ ಕಾಲ. 1933ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ, ಯೆಹೂದಿ ದ್ವೇಷದ ಪುಸ್ತಿಕೆ ಬರೆದಿದ್ದ ನಾಝಿ ಅತಿಥಿಯೊಬ್ಬನಿಗೆ ಅವರು ಹೊರಡುವಂತೆ ಸೂಚಿಸಿದ್ದರು. 1942ರಲ್ಲಿ ನಾಝಿಗಳು ಅವರನ್ನು ಬಂಧಿಸಿದರು. ಬಿಡುಗಡೆಯಾದರೂ ಲೈಡನ್‌ಗೆ ಮರಳಲು ಬಿಡಲಿಲ್ಲ. 1945ರ ಫೆಬ್ರುವರಿ 1ರಂದು, ಹಾಲೆಂಡಿನ ಬಿಡುಗಡೆಗೆ ಕೆಲವೇ ತಿಂಗಳು ಮೊದಲು, ಅವರು ತೀರಿಕೊಂಡರು.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ಆಟವನ್ನು ಹಕ್ಕೆಂದು ಒಪ್ಪಿತು. ಭಾರತ ಅದನ್ನು 1992ರಲ್ಲಿ ಅಂಗೀಕರಿಸಿತು. 2024ರಿಂದ ಜೂನ್ 11 ಅಂತಾರಾಷ್ಟ್ರೀಯ ಆಟದ ದಿನ. ಆದರೂ ಪರೀಕ್ಷೆ ಹತ್ತಿರ ಬಂದರೆ ಮನೆಗಳಲ್ಲಿ ಮೊದಲು ನಿಲ್ಲುವುದು ಆಟವೇ.

ಓಣಿಯ ಆ ಪುಟ್ಟ ತಮ್ಮ ಒಂದು ದಿನ ‘ನನ್ನನ್ನೂ ಲೆಕ್ಕಕ್ಕೆ ಹಿಡೀರಿ’ ಎಂದು ಹಟ ಮಾಡುತ್ತಾನೆ. ಇನ್ನು ಸಿಕ್ಕಿಬಿದ್ದರೆ ಅವನೂ ಔಟು. ಅದು ಗೊತ್ತಿದ್ದೇ ಅವನು ಕೇಳುತ್ತಾನೆ. ದೊಡ್ಡವನಾಗುವುದು ಎಂದರೆ ಅದೇ.