ಕೀಲಿಕೈ ಯಾರ ಬಳಿ ಇದೆ?



ಈಚೆಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಕೆಲವು ಸಹಕಾರ ಸಂಘಗಳನ್ನು ನೋಡಿಬಂದೆವು. ಅಲ್ಲಿ ನಮ್ಮಂತೆ ಕಾಫಿಯಿಲ್ಲ, ಅಡಿಕೆಯಿಲ್ಲ; ನಿಂಬೆ, ದ್ರಾಕ್ಷಿ, ತೊಗರಿ, ಬಿಳಿಜೋಳ. ನಾವು ಪಹಣಿ ಎನ್ನುವುದನ್ನು ಅವರು ಉತಾರ ಎನ್ನುತ್ತಾರೆ. ಆದರೆ ಸಂಘದ ಕೋಣೆಯೊಳಗೆ ಹೊಕ್ಕರೆ ನಮ್ಮದೇ ನೋಟ: ಮೇಜಿನ ಮೇಲೊಂದು ಕಂಪ್ಯೂಟರು, ಅದರೊಳಗೆ ರೈತರ ಆಧಾರ್, ಖಾತೆ ಸಂಖ್ಯೆ, ಸಾಲದ ಲೆಕ್ಕ.

ಹೋದಲ್ಲೆಲ್ಲ ಮಾತು ಮನಗೂಳಿಯದೇ. ಬಸವನಬಾಗೇವಾಡಿ ತಾಲ್ಲೂಕಿನ ಆ ಊರಿನ ಕೆನರಾ ಬ್ಯಾಂಕ್ ಶಾಖೆಯಿಂದ 2025ರ ಮೇ ತಿಂಗಳಲ್ಲಿ 58 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಅದು ಗ್ರಾಹಕರು ಅಡವಿಟ್ಟದ್ದು. ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಿಂದ ವರ್ಗವಾಗಿ ಹೋಗಿದ್ದ ವ್ಯವಸ್ಥಾಪಕರೂ ಒಬ್ಬರು. ಅವರು ಅಲ್ಲಿದ್ದಾಗಲೇ ಕೀಲಿಕೈಗಳ ನಕಲು ಮಾಡಿಸಲಾಗಿತ್ತು ಎಂಬುದು ಪೊಲೀಸರ ಹೇಳಿಕೆ.

ಕಂಪ್ಯೂಟರಿನ ಪಾಸ್‌ವರ್ಡೂ ಇಂಥದೇ ಕೀಲಿಕೈ. ಊರಿಗೆ ಮರಳಿದ ಮೇಲೆ ನಮ್ಮ ಸಂಘದಲ್ಲೇ ಪರೀಕ್ಷಿಸಿದೆವು. ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟ ಹುಡುಗನ ಪಾಸ್‌ವರ್ಡಿನಿಂದ ಇನ್ನೂ ಲೆಕ್ಕ ತೆರೆಯುತ್ತಿತ್ತು! ಆ ಹುಡುಗ ಪ್ರಾಮಾಣಿಕ. ತಪ್ಪು ಕಾರ್ಯದರ್ಶಿಯಾದ ನಮ್ಮದು. ಅಂದೇ ಅದನ್ನು ರದ್ದು ಮಾಡಿದೆವು.

ಕೀಲಿ ಭದ್ರವಾಗಿದ್ದರೆ ಸಾಕೆ? ಸಾಲದು. 2025ರ ಜನವರಿಯಲ್ಲಿ ಹೊಸಪೇಟೆಯ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಕಳಿಸಿದ ಪಾವತಿ ಕಡತಗಳನ್ನು ಕಳ್ಳರು ತಿದ್ದಿದರು. ಪಡೆಯುವವರ ಹೆಸರು ಹಾಗೆಯೇ ಇತ್ತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮಾತ್ರ ಬದಲು. ರೂ. 2.34 ಕೋಟಿ ಯಾರದೋ ಖಾತೆಗಳಿಗೆ ಹೋಯಿತು. ಹಣ ಬರಲಿಲ್ಲವೆಂದು ಗ್ರಾಹಕರು ಹೇಳಿದಾಗಲೇ ವಿಷಯ ಬಯಲಾದದ್ದು.

ಇನ್ನು ‘ಕ್ಲೌಡ್’. ಹೆಸರು ಮೋಡವೆಂದಾದರೂ ಅದು ಮೋಡವಲ್ಲ. ನಮ್ಮ ಲೆಕ್ಕ ದೂರದ ಊರಿನ ಬೇರೆಯವರ ಯಂತ್ರದಲ್ಲಿ ಇರುವುದು, ಅಷ್ಟೆ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿದ ಯೋಜನೆಯಂತೆ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ಜೋಡಿಸುವ ಕೆಲಸ ಆರಂಭವಾಯಿತು. ಅನುಕೂಲ ಬಹಳ. ಆದರೆ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ಕಂಪನಿಯ ವ್ಯವಸ್ಥೆಗೆ ದಾಳಿಯಾದಾಗ, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಒಟ್ಟಿಗೇ ನಿಂತಿತು. ಬೇಗನೆ ಸರಿಹೋಯಿತೆನ್ನಿ. ಅದೇ ಅಡಿಕೆ ಪಾವತಿಯ ವಾರದಲ್ಲಿ ನಮಗೆ ಆಗಿದ್ದರೆ?

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಈ ಸಲಹೆಗಳನ್ನಿಟ್ಟಿದ್ದೇವೆ:

1. ಪ್ರತಿ ನೌಕರನಿಗೆ ಪ್ರತ್ಯೇಕ ಪಾಸ್‌ವರ್ಡ್. ಕೆಲಸ ಬಿಟ್ಟ ದಿನವೇ ರದ್ದು.

2. ಒಬ್ಬರು ಬರೆದ ಪಾವತಿಯನ್ನು ಇನ್ನೊಬ್ಬರು ಖಾತೆ ಸಂಖ್ಯೆ ಸಮೇತ ತಾಳೆ ನೋಡಿಯೇ ಕಳಿಸಬೇಕು. ಹಣ ಮುಟ್ಟಿತೇ ಎಂದು ಅಂದೇ ವಿಚಾರಿಸಬೇಕು.

3. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಕಂಪ್ಯೂಟರಿನಿಂದ ಕಳಚಿ ತಿಜೋರಿಯಲ್ಲಿಡಬೇಕು. ಮೂರು ತಿಂಗಳಿಗೊಮ್ಮೆ ತೆರೆದು ನೋಡಬೇಕು.

4. ಆಧಾರ್ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ರೂಢಿ ನಿಲ್ಲಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ.

ಸದಸ್ಯರು ಮಾಡಬೇಕಾದದ್ದೂ ಇದೆ. ಸಂಘದ ಹೆಸರು ಹೇಳಿ ಯಾರೇ ಓಟಿಪಿ ಕೇಳಿದರೂ ಕೊಡಬೇಡಿ. ಸಂಘ ಅದನ್ನು ಕೇಳುವುದಿಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ ತಿಳಿಸಿ. ನಾಚಿಕೆಯಿಂದ ಸುಮ್ಮನಿದ್ದಷ್ಟೂ ಹಣ ದೂರ ಹೋಗುತ್ತದೆ.

ಕೊಳೆರೋಗ ಕಾಣುವ ಮೊದಲೇ, ಮಳೆ ಹಿಡಿಯುವ ಮುನ್ನ ಬೋರ್ಡೋ ಹೊಡೆಯುವವರು ನಾವು. ಸಂಘದ ಲೆಕ್ಕಕ್ಕೂ ಅದೇ ಎಚ್ಚರ ಬೇಕು. ಮುಂದಿನ ಮಹಾಸಭೆಯಲ್ಲಿ ಲಾಭಾಂಶದ ಜೊತೆಗೆ ‘ಕೀಲಿಕೈ ಯಾರ ಬಳಿ ಇದೆ?’ ಎಂದೂ ನಮ್ಮನ್ನು ಕೇಳಿರಿ. ಉತ್ತರ ಕೊಡಲು ನಾವು ಬದ್ಧರು.

— ಕಾರ್ಯದರ್ಶಿ