ಹುಳ ಕಣಜವಾಗುವುದಿಲ್ಲ, ಊಟವಾಗುತ್ತದೆ

ಬೈಲಹೊಂಗಲ ತಾಲ್ಲೂಕಿನ ನೇಸರಗಿಯಂಥ ಊರಿನಲ್ಲಿ ಕಲ್ಲು-ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗೆ ಒಕ್ಕಲು ಹೋದವರಿಗೆ ಸೋರುವ ಮೂಲೆ, ಕೂಡದ ಬಾಗಿಲು ಎಂಬ ಹತ್ತು ತಕರಾರುಗಳ ನಡುವೆ ಇನ್ನೊಂದು ಚಿಕ್ಕ ಪ್ರಶ್ನೆ ಎದುರಾಗುತ್ತದೆ. ಜಂತಿಯ ಸಂದಿ, ಕಿಟಕಿ ಚೌಕಟ್ಟಿನ ಮೂಲೆ, ಬಹುಕಾಲ ಯಾರೂ ತೆರೆಯದ ಬೀಗದ ತೂತು, ಎಲ್ಲೆಲ್ಲೂ ಒಣಮಣ್ಣಿನ ಗಂಟುಗಳು. ಸುಣ್ಣ ಹಚ್ಚುವ ಮೊದಲು ಇವನ್ನು ಕೆರೆದು ಹಾಕಬೇಕೋ ಬೇಡವೋ? ಬೇಡ ಎನ್ನುತ್ತಾರೆ ಹಿರಿಯರು. ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂಬ ನಂಬಿಕೆ ದಕ್ಷಿಣ ಭಾರತದ ಅನೇಕ ಕಡೆ ಇದೆ. ಮಣ್ಣಿನ ಬಣ್ಣ ನೋಡಿ ಗಂಡೋ ಹೆಣ್ಣೋ ಎಂದು ಹೇಳಿಬಿಡುವವರೂ ಇದ್ದಾರೆ. ಗೂಡಿನೊಳಗೆ ನಿಜವಾಗಿ ನಡೆಯುವುದು ಈ ಭವಿಷ್ಯವಾಣಿಗಿಂತ ಎಷ್ಟೋ ಪಾಲು ಸ್ವಾರಸ್ಯಕರ.

ಕುಂಬಾರ ಹುಳ ಎಂದು ನಾವು ಒಟ್ಟಾಗಿ ಕರೆಯುವವು ಒಂಟಿಯಾಗಿ ಬಾಳುವ ಕಣಜಗಳು. ನೂಲಿನಷ್ಟು ಸಣ್ಣ ಸೊಂಟದ ಒಂದು ಬಗೆ, ಮಣ್ಣಿನ ಕೊಳವೆಗಳನ್ನು ಒತ್ತೊತ್ತಾಗಿ ಕಟ್ಟಿ ಅವುಗಳಿಗೆ ಜೇಡಗಳನ್ನು ತುಂಬುತ್ತದೆ. ಇನ್ನೊಂದು, ಕಂಠವಿರುವ ಪುಟ್ಟ ಗಡಿಗೆಯಂಥ ಗೂಡು ಕಟ್ಟಿ ಎಲೆ ತಿನ್ನುವ ಹಸಿರು ಹುಳಗಳನ್ನು ತುಂಬುತ್ತದೆ. ಈ ಎರಡನೆಯದರ ಕೆಲಸ ಕಂಡೇ ನಮ್ಮಲ್ಲಿ ಭ್ರಮರ-ಕೀಟ ನ್ಯಾಯ ಹುಟ್ಟಿರಬೇಕು. ಕಣಜ ಒಂದು ಹುಳವನ್ನು ಹಿಡಿದು ತಂದು ಗೂಡಿನಲ್ಲಿ ಮುಚ್ಚುತ್ತದೆ, ಗುಂಯ್‌ಗುಡುತ್ತದೆ, ಹುಳ ಅದನ್ನೇ ನೆನೆನೆನೆದು ಕಡೆಗೆ ಕಣಜವೇ ಆಗಿ ಹೊರಬರುತ್ತದೆ ಎಂಬುದು ಅದರ ಸಾರ. ಭಾಗವತದ ಅವಧೂತ ತನ್ನ 24 ಗುರುಗಳಲ್ಲಿ ಈ ಕೀಟವನ್ನೂ ಎಣಿಸುತ್ತಾನೆ. ಗುರು ಶಿಷ್ಯನನ್ನು ತನ್ನಂತೆಯೇ ಮಾಡುವ ಬಗೆಯನ್ನು ಹೇಳಲು ವಚನಕಾರರೂ ಇದೇ ಹೋಲಿಕೆಯನ್ನು ಎತ್ತಿಕೊಂಡರು. ಇದನ್ನು ಬರಿಯ ಕಟ್ಟುಕತೆ ಎಂದು ತಳ್ಳಿಹಾಕುವುದು ತಪ್ಪು. ಹುಳ ಒಳಗೆ ಹೋದದ್ದು ನಿಜ, ಕಣಜ ಹೊರಬಂದದ್ದೂ ನಿಜ. ಗುಂಯ್‌ಗುಡುವ ಸದ್ದೂ ಸುಳ್ಳಲ್ಲ: ಜೇಡ ಹಿಡಿಯುವ ಬಗೆ ಮಣ್ಣು ಮೆತ್ತುವಾಗ ಮೈಯನ್ನು ಅದುರಿಸುತ್ತದೆ, ಆ ಅದುರಿಗೆ ಹಸಿಮಣ್ಣು ಸಡಿಲಾಗಿ ಒಂದೇ ಸಮನೆ ಹರಡಿಕೊಳ್ಳುತ್ತದೆ. ನೋಟ ಸರಿಯಾಗಿತ್ತು. ಆದರೆ ಮೊದಲಿಗೂ ಕೊನೆಗೂ ನಡುವೆ ಗೂಡನ್ನು ಒಡೆದು ನೋಡುವ ಕೆಲಸವೊಂದು ಬಾಕಿ ಉಳಿದಿತ್ತು.

ಒಡೆದು ನೋಡಿದವರೂ ಇದ್ದರು. ಚೀನಾದಲ್ಲೂ ಕಣಜ ಹುಳವನ್ನು ಸಾಕುಮಗುವಾಗಿ ಬೆಳೆಸುತ್ತದೆ ಎಂಬ ಹಳೆಯ ನಂಬಿಕೆಯಿತ್ತು. ಔಷಧ ಗ್ರಂಥಕ್ಕೆ ವ್ಯಾಖ್ಯಾನ ಬರೆದ ತಾವ್ ಹೊಂಗ್‌ಜಿಂಗ್ (456–536) ಅದನ್ನು ಅಲ್ಲಗಳೆದು, ಗೂಡಿನಲ್ಲಿ ಕಣಜದ್ದೇ ಮೊಟ್ಟೆ ಇರುತ್ತದೆ, ಹುಳಗಳು ಮರಿಯ ಆಹಾರ ಎಂದು ಬರೆದ. 19ನೇ ಶತಮಾನದ ಫ್ರೆಂಚ್ ಕೀಟತಜ್ಞ ಜೀನ್ ಹೆನ್ರಿ ಫಾಬ್ರ್ ಗಡಿಗೆಯ ಗೋಡೆಯಲ್ಲಿ ಸಣ್ಣ ಕಿಂಡಿ ಕೊರೆದು ಇಣುಕಿದಾಗ ಕಂಡದ್ದು ಇನ್ನೂ ಸೋಜಿಗ. ತಾಯಿ ಕುಟುಕಿ ತಂದ ಹುಳಗಳು ಸತ್ತಿರುವುದಿಲ್ಲ. ಸತ್ತರೆ ಕೊಳೆತುಹೋಗುತ್ತವೆ, ಆದ್ದರಿಂದ ಅವಕ್ಕೆ ಬಡಿದಿರುವುದು ಲಕ್ವ ಮಾತ್ರ, ಅದೂ ಅರೆಬರೆ. ಹೊರಳಿದರೆ ನವಿರಾದ ಮೊಟ್ಟೆ ಜಜ್ಜಿಹೋದೀತು. ಅದಕ್ಕೇ ತಾಯಿ ಬೇಟೆಗೆ ಹೊರಡುವ ಮೊದಲೇ ಗೂಡಿನ ಮಾಳಿಗೆಗೆ ಸಣ್ಣ ಎಳೆಯೊಂದನ್ನು ಅಂಟಿಸಿ, ಅದರ ತುದಿಗೆ ಮೊಟ್ಟೆಯನ್ನು ತೂಗುಬಿಟ್ಟಿರುತ್ತದೆ. ಹೊರಬಂದ ಮರಿ ಅಲ್ಲೇ ತಲೆಕೆಳಗಾಗಿ ಜೋತು ಕೆಳಗಿನ ಹುಳವನ್ನು ಮೇಯುತ್ತದೆ. ಹುಳ ಕೊಸರಾಡಿದರೆ ಹಿಂದೆ ಸರಿದು ಮೇಲೇರುತ್ತದೆ. ಮನೆಗೆ ತೊಟ್ಟಿಲು ತರುತ್ತದೆಂದು ಹೆಸರಾದ ಹುಳ ತೊಟ್ಟಿಲನ್ನೇನೋ ಕಟ್ಟಿದೆ, ತನ್ನ ಕೂಸಿಗೆ!

ಇನ್ನು ಗಂಡೋ ಹೆಣ್ಣೋ ಎಂಬ ಮಾತು. ಬಚ್ಚಲ ನೀರು ಹರಿಯುವಲ್ಲಿ ಎರೆಮಣ್ಣಿದ್ದರೆ ಗೂಡು ಕಪ್ಪು, ಮಸಾರಿ ಇದ್ದರೆ ಕೆಂಪು. ಬಣ್ಣ ಹೇಳುವುದು ಇಷ್ಟನ್ನೇ. ತಮಾಷೆಯೆಂದರೆ, ಕಣಜದ ತಾಯಿಗೆ ತನ್ನ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವ ಶಕ್ತಿ ಉಂಟು. ಕೂಡಿಟ್ಟುಕೊಂಡ ವೀರ್ಯಾಣುವನ್ನು ಮೊಟ್ಟೆಗೆ ಸೇರಿಸಿದರೆ ಹೆಣ್ಣು, ಸೇರಿಸದಿದ್ದರೆ ಗಂಡು. ಹೆಣ್ಣಿಗೆ ಸಾಮಾನ್ಯವಾಗಿ ಬುತ್ತಿಯೂ ಹೆಚ್ಚು. ಆ ಲೆಕ್ಕಾಚಾರ ಅದರ ಸಂಸಾರಕ್ಕೆ ಸೇರಿದ್ದು, ನಮ್ಮದಕ್ಕಲ್ಲ. ಗರ್ಭಿಣಿ ಇರುವ ಮನೆಯಲ್ಲೇ ಗೂಡು ಕಂಡಿದ್ದುಂಟಲ್ಲ ಎಂದು ಯಾರಾದರೂ ಕೇಳಬಹುದು. ಮದುವೆಯಾದ ಹೊಸ ಜೋಡಿ ಬಂದು ಸೇರುವ ಹಳೆಯ ಮನೆಯಲ್ಲಿ ಎರಡೂ ಒಟ್ಟಿಗೆ ಬಂದರೆ ಅಚ್ಚರಿಯಿಲ್ಲ. ಗೂಡಿದ್ದೂ ಮಗುವಾಗದ ಮನೆಗಳನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಇದು ಕೇಡಿನ ಹುಳವೇ? ಅದೂ ಅಲ್ಲ. ಗುಂಪುಗಟ್ಟುವ ಕಡಜದ ಹಾಗೆ ಇದು ಗೂಡು ಕಾಯಲು ಮೈಮೇಲೆ ಎರಗುವುದಿಲ್ಲ. ಕೈಯಲ್ಲಿ ಹಿಡಿದು ಹಿಂಡಿದರೆ ಕುಟುಕೀತು. ಗೋಡೆಯನ್ನು ಕೊರೆಯುವುದಿಲ್ಲ, ಹೊರಗಿನ ಮಣ್ಣನ್ನು ತಂದು ಅಂಟಿಸುತ್ತದೆ ಅಷ್ಟೆ. ಆದರೆ ತೂತು ಸಿಕ್ಕಲ್ಲಿ ಮೆತ್ತುವ ಚಾಳಿ ಮಾತ್ರ ಹಗುರವಾದದ್ದಲ್ಲ. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ 189 ಜನರೊಂದಿಗೆ ಸಮುದ್ರಕ್ಕೆ ಬಿದ್ದ ವಿಮಾನದ ವೇಗಮಾಪಕ ಕೊಳವೆಯನ್ನು ಇಂಥದೇ ಕಣಜದ ಗೂಡು ಮುಚ್ಚಿತ್ತೆಂಬ ಬಲವಾದ ಶಂಕೆಯಿದೆ. ಆದ್ದರಿಂದ ಪೂಜೆಯೂ ಬೇಡ, ಹಗೆಯೂ ಬೇಡ. ಗೂಡಿನಲ್ಲಿ ದುಂಡನೆಯ ತೂತಿದ್ದರೆ ಒಳಗಿನ ಒಕ್ಕಲು ಹೊರಟುಹೋಗಿದೆ, ಕೆರೆದು ಸುಣ್ಣ ಹಚ್ಚಿ. ಮುಚ್ಚಿದ್ದರೆ, ಪ್ಲಗ್ಗು ಬೀಗಗಳಿಗೆ ಅಡ್ಡಿಯಾಗದಲ್ಲಿ, ಕೆಲವು ವಾರ ಬಿಡಿ; ಹಿತ್ತಿಲ ಬದನೆ ಟೊಮ್ಯಾಟೊಗಳ ಎಲೆ ಕಡಿಯುವ ಹುಳ ಒಂದಿಷ್ಟು ಕಡಿಮೆಯಾದಾವು. ಸೊಸೆ ಬಸುರಿಯೇ ಎಂದು ತಿಳಿಯಲು ಆಶಾ ಕಾರ್ಯಕರ್ತೆಯಿದ್ದಾರೆ, ಸರ್ಕಾರಿ ಆಸ್ಪತ್ರೆಯಿದೆ. ಹುಟ್ಟುವುದು ಗಂಡೋ ಹೆಣ್ಣೋ ಎಂದು ಮೊದಲೇ ವೈದ್ಯರನ್ನು ಕೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ; ಹುಳವನ್ನು ಕೇಳುವುದು ಅಪರಾಧವಲ್ಲ, ದಡ್ಡತನ.