ಬಾಯಿಯ ಕ್ಯಾನ್ಸರ್ ಮತ್ತು ನಮ್ಮ ಮನೆಯ ಹಿರಿಯರು

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆತಾಯಿಯರು ಬರುವುದು ಹೆಚ್ಚಾಗಿ ಬೇಸಿಗೆಯ ರಜೆಯಲ್ಲಿ, ಇಲ್ಲವೆ ಮೊಮ್ಮಕ್ಕಳ ನಾಮಕರಣ, ಉಪನಯನಗಳ ನೆವದಿಂದ. ಕಲಬುರಗಿಯ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಕಲ್ಯಾಣದಲ್ಲಿ ಇಳಿಯುತ್ತಾರೆ. ಕರಾವಳಿಯವರು ಮತ್ಸ್ಯಗಂಧದಲ್ಲಿ ಠಾಣೆಗೆ ಬರುತ್ತಾರೆ. ಹಿಂದಿರುಗುವ ದಿನದ ಟಿಕೇಟು ಬರುವಾಗಲೇ ಅವರ ಕೈಯಲ್ಲಿರುತ್ತದೆ. ಆ ಹದಿನೈದು ದಿನಗಳ ನಡುವೆ ಹಿರಿಯರೊಬ್ಬರಿಗೆ ಕ್ಯಾನ್ಸರ್ ಇದೆಯೆಂದು ತಿಳಿದುಬಂದರೆ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದೇ ಈ ಲೇಖನದ ವಿಷಯ.

ಡೊಂಬಿವಲಿಯಲ್ಲಿ ನನಗೆ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ಆಯಿತು. ಉತ್ತರ ಕನ್ನಡದ ಅಡಿಕೆ ತೋಟದ ಯಜಮಾನರು ಮೊಮ್ಮಗನ ಉಪನಯನಕ್ಕೆಂದು ಮಗಳ ಮನೆಗೆ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಗಟ್ಟಿಮುಟ್ಟಾದ ದೇಹ. ಉಪ್ಪಿನಕಾಯಿ ಇಲ್ಲದೆ ಊಟ ಮಾಡದ ತಂದೆ ಅದನ್ನು ಎಲೆಯ ಅಂಚಿಗೆ ಸರಿಸುತ್ತಿರುವುದನ್ನು ಮಗಳು ಮೂರನೆಯ ದಿನ ಗಮನಿಸಿದಳು. ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿ ನುಂಗುತ್ತಿದ್ದರು. ಆಕಳಿಸುವಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಕೇಳಿದಾಗ, "ಹಲ್ಲು ತಾಗಿ ಆದ ಹುಣ್ಣು, ಎರಡು ತಿಂಗಳಾಯಿತು" ಎಂದರು. ಊರಿನಲ್ಲಿ ದಿನವೂ ಅವರೊಡನೆ ಉಣ್ಣುವವರಿಗೆ ಕಾಣದಿದ್ದುದು ವರ್ಷಕ್ಕೊಮ್ಮೆ ನೋಡುವ ಮಗಳಿಗೆ ಕಂಡಿತು. ದೂರದಲ್ಲಿರುವ ಮಕ್ಕಳಿಗೆ ಇರುವ ಒಂದು ಅನುಕೂಲ ಇದೆಂದು ನಾನು ತಿಳಿದಿದ್ದೇನೆ.

ಬಾಯಿಯ ಒಳಪೊರೆಯ ಜೀವಕೋಶಗಳು ಸವೆದಂತೆ ಹೊಸವು ಹುಟ್ಟಿ ಅವುಗಳ ಸ್ಥಾನವನ್ನು ತುಂಬುತ್ತವೆ. ಆದುದರಿಂದಲೇ ಹಲ್ಲು ತಾಗಿಯೋ ಬಿಸಿ ಕಾಫಿಯಿಂದಲೋ ಆದ ಹುಣ್ಣು ಸಾಮಾನ್ಯವಾಗಿ ಎರಡು ವಾರಗಳೊಳಗೆ ಮಾಯುತ್ತದೆ. ಹೊಗೆಸೊಪ್ಪು, ಅಡಿಕೆ, ಸುಣ್ಣಗಳ ಸತತ ಸಂಪರ್ಕದಿಂದ ಈ ಕೋಶಗಳ ಬೆಳವಣಿಗೆಯ ಕಟ್ಟುಪಾಡು ಕೆಟ್ಟಾಗ ಅವು ಮಿತಿಮೀರಿ ಬೆಳೆದು ಆಳಕ್ಕಿಳಿಯುತ್ತವೆ. ಮೂರು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಆರಂಭದಲ್ಲಿ ನೋವು ಇರುವುದೇ ಇಲ್ಲವೆಂಬುದು ಈ ರೋಗದ ದೊಡ್ಡ ಮೋಸ.

ಬಾಯಿ ತೆರೆಯಲಾಗದಿರುವುದಕ್ಕೆ ಪ್ರತ್ಯೇಕವಾದ ಕಾರಣವೊಂದುಂಟು. ಅಡಿಕೆಯಲ್ಲಿರುವ ಸತ್ವಗಳು ಕೆನ್ನೆಯ ಒಳಪೊರೆಯ ಅಡಿಯಲ್ಲಿ ನಾರಿನಂತಹ ಅಂಗಾಂಶವನ್ನು ಬೆಳೆಸುತ್ತವೆ. ಪೊರೆ ಬಿಗಿದು ಬಿಳಚಿಕೊಳ್ಳುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬವರು ಇದನ್ನು ಮೊದಲು ವರ್ಣಿಸಿದ್ದು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ. ಮನೆ ಬಿಟ್ಟು ಸಮುದ್ರ ದಾಟಿದವರ ಜೊತೆಯಲ್ಲಿ ಅಡಿಕೆಯೂ ಹೋಗಿತ್ತು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲು ಆಗದವನು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದ ನಮ್ಮ ಜಿಲ್ಲೆಗಳ ಜನರಿಗೆ ಈ ಮಾತು ರುಚಿಸಲಾರದೆಂಬುದನ್ನು ಬಲ್ಲೆ. ಮಂಗಳಕಾರ್ಯದ ತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವ ಕವಳಕ್ಕೂ ವ್ಯತ್ಯಾಸವಿದೆಯೆಂದಷ್ಟೇ ಇಲ್ಲಿ ಹೇಳಬಹುದು.

ಸಂಶಯ ಬಂದಾಗ ಮಾಡಬೇಕಾದ ಮೊದಲ ಪರೀಕ್ಷೆ ಬಯಾಪ್ಸಿ. ಹುಣ್ಣಿನ ಅಂಚಿನಿಂದ ಚಿಕ್ಕದೊಂದು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚುಚ್ಚಿದರೆ, ಕೊಯ್ದರೆ ರೋಗ ಹರಡುತ್ತದೆಂಬ ಭಯ ನಮ್ಮ ಜನರಲ್ಲಿ ಬೇರೂರಿದೆ; ಇದಕ್ಕೆ ಆಧಾರವಿಲ್ಲ. ಈ ಭಯದಿಂದ ಕಳೆದುಹೋಗುವ ತಿಂಗಳುಗಳಲ್ಲಿಯೇ ರೋಗವು ನಿಜವಾಗಿ ಹರಡುತ್ತದೆ. ಅನಂತರ ಸ್ಕ್ಯಾನುಗಳ ಮೂಲಕ ಹುಣ್ಣು ಎಷ್ಟು ದೊಡ್ಡದು, ಎಷ್ಟು ಆಳ, ದವಡೆಯ ಎಲುಬಿಗೆ ತಗುಲಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯೇ ಎಂದು ನಿರ್ಧರಿಸುತ್ತಾರೆ. ಇದಕ್ಕೇ ಹಂತವೆನ್ನುವುದು. ಹಂತ ತಿಳಿಯುವ ಮೊದಲು "ಎಷ್ಟು ದಿನ ಬದುಕುತ್ತಾರೆ?" ಎಂದು ಕೇಳುವುದೂ, ಅದಕ್ಕೆ ನೆರೆಹೊರೆಯವರು ಉತ್ತರ ಕೊಡುವುದೂ ವ್ಯರ್ಥ.

ಡೊಂಬಿವಲಿಯ ಆ ಮನೆಯಲ್ಲಿ ಬಯಾಪ್ಸಿಯ ವರದಿಯನ್ನು ತಂದವರು ಅಳಿಯಂದಿರು. ಮಗಳು, ಅಳಿಯ, ಊರಿನಿಂದ ಓಡಿ ಬಂದ ಮಗ ಮೂವರೂ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಸಮಾಲೋಚಿಸಿದರು. ಅಪ್ಪಯ್ಯನಿಗೆ ಹೇಳಕೂಡದು, ಹೇಳಿದರೆ ಎದೆ ಒಡೆದುಕೊಂಡಾರು ಎಂದು ತೀರ್ಮಾನವಾಯಿತು. ಒಳಗೆ ಬಂದು "ಸ್ವಲ್ಪ ನಂಜಾಗಿದೆ, ದೊಡ್ಡ ಡಾಕ್ಟರರಿಗೆ ತೋರಿಸೋಣ" ಎಂದರು. ಪ್ರೀತಿಯಿಂದಲೇ ಆಡಿದ ಸುಳ್ಳು. ಆದರೆ ಅಂದಿನಿಂದ ಆ ಮನೆಯಲ್ಲಿ ದೂರವಾಣಿಯ ಮಾತು ಪಿಸುಮಾತಾಯಿತು. ಮುದುಕರು ಕೋಣೆಗೆ ಬಂದೊಡನೆ ಸಂಭಾಷಣೆ ನಿಲ್ಲುತ್ತಿತ್ತು. ಕೊನೆಗೆ ಪರೇಲಿನ ಆಸ್ಪತ್ರೆಯ ಬಾಗಿಲಲ್ಲಿ ಅವರು ಮಗಳಿಗೆ, "ಕೂಸೇ, ಬೋರ್ಡು ಓದಲು ನನಗೆ ಬರುತ್ತದೆ" ಎಂದರು. ಅವರಿಗೆ ವಾರದ ಹಿಂದೆಯೇ ಗೊತ್ತಾಗಿತ್ತು. ಮಕ್ಕಳು ನೊಂದುಕೊಂಡಾರೆಂದು ಅವರೂ ಸುಮ್ಮನಿದ್ದರು!

ರೋಗಿಗೆ ಸತ್ಯವನ್ನು ಹೇಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮುಚ್ಚಿಟ್ಟರೆ ಆತನ ಕಲ್ಪನೆ ರೋಗಕ್ಕಿಂತ ಭೀಕರವಾದುದನ್ನು ಕಟ್ಟಿಕೊಳ್ಳುತ್ತದೆ. ಭಯವನ್ನು ಹೇಳಿಕೊಳ್ಳಲು ಯಾರೂ ಇಲ್ಲದಂತಾಗುತ್ತದೆ. ಕಾನೂನಿನ ಮಾತೂ ಇದೆ. ಅರಿವುಳ್ಳ ವಯಸ್ಕ ರೋಗಿಯ ಶಸ್ತ್ರಚಿಕಿತ್ಸೆಗೆ ಆ ರೋಗಿಯ ಒಪ್ಪಿಗೆಯೇ ಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಮಗಳಿಗೆ ಅರಿವಳಿಕೆ ಕೊಟ್ಟಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. ದವಡೆಯ ಭಾಗವನ್ನೇ ತೆಗೆಯಬೇಕಾದ ಮನುಷ್ಯನಿಗೆ "ನಂಜಾಗಿದೆ" ಎಂದು ಹೇಳಿ ರುಜು ಹಾಕಿಸುವುದು ಹೇಗೆ? ಆದರೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿಯಬೇಕಾಗಿಲ್ಲ. "ನಿಮಗೆ ಏನೆನ್ನಿಸುತ್ತಿದೆ? ಎಷ್ಟು ತಿಳಿಯಬೇಕೆಂದಿದ್ದೀರಿ?" ಎಂದು ಮೊದಲು ಕೇಳಿ, ಅವರು ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಬೇಕು. ವಿವರ ಬೇಡವೆನ್ನುವ ಹಿರಿಯರೂ ಇದ್ದಾರೆ. ಆ ಆಯ್ಕೆಯೂ ಅವರದೇ. ವೈದ್ಯರಿಗೆ ಕನ್ನಡ ಬಾರದಿದ್ದಲ್ಲಿ ಭಾಷಾಂತರ ಮಾಡುವ ಮಗನೋ ಮಗಳೋ ನಡುವೆ ಮಾತನ್ನು ನುಂಗಬಾರದು.

ಎಲ್ಲಿ ಚಿಕಿತ್ಸೆ ಪಡೆಯಬೇಕೆಂಬುದು ಮುಂದಿನ ಪ್ರಶ್ನೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯೂ ಒಂದು ಮನೆಯ ದುಃಖದಿಂದಲೇ ಹುಟ್ಟಿತು. ಲೇಡಿ ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ವಿದೇಶದಲ್ಲಿ ತೀರಿಕೊಂಡರು. ಅಂತಹ ಚಿಕಿತ್ಸೆ ನಮ್ಮ ದೇಶದಲ್ಲಿಯೂ ಸಿಗಬೇಕೆಂದು ಅವರ ಪತಿ ಸರ್ ದೊರಾಬ್‌ಜಿ ಬಯಸಿದರು. ಅವರು ಮರುವರ್ಷವೇ ಗತಿಸಿದರೂ ಅವರ ಹೆಸರಿನ ದತ್ತಿಯಿಂದ ಆಸ್ಪತ್ರೆಯು 1941ರ ಫೆಬ್ರವರಿ 28ರಂದು ತೆರೆಯಿತು. 1962ರಿಂದ ಅದು ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಡೊಂಬಿವಲಿ, ಕಲ್ಯಾಣಗಳಿಂದ ಸ್ಲೋ ಲೋಕಲಿನಲ್ಲಿ ಪರೇಲಿಗೆ ನೇರವಾಗಿ ಹೋಗಬಹುದು. ಕ್ಯಾನ್ಸರ್ ರೋಗಿಗಳು ಅಂಗವಿಕಲರ ಡಬ್ಬಿಯಲ್ಲಿ ಪ್ರಯಾಣಿಸಲು ಅವಕಾಶವಿದೆಯೆಂಬುದು ಬಹಳ ಜನರಿಗೆ ತಿಳಿದಿಲ್ಲ. ಇದೇ ಸಂಸ್ಥೆಯ ಇನ್ನೊಂದು ಕೇಂದ್ರ ನವಿ ಮುಂಬಯಿಯ ಖಾರ್ಘರಿನಲ್ಲಿದೆ. ಠಾಣೆಯಿಂದ ಪನ್ವೇಲಿಗೆ ಹೋಗುವ ಗಾಡಿ ಖಾರ್ಘರಿನಲ್ಲಿ ನಿಲ್ಲುತ್ತದೆ.

ಆದರೆ ಮಗನ ಮನೆ ಇಲ್ಲಿದೆಯೆಂದ ಮಾತ್ರಕ್ಕೆ ತಂದೆಯ ಚಿಕಿತ್ಸೆಯೂ ಇಲ್ಲಿಯೇ ಆಗಬೇಕೆಂದಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯಿದೆ. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಜಾಲವು ದೇಶದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಕ್ರಮ ಏಕರೂಪವಾಗಿರಲೆಂದು ಶ್ರಮಿಸುತ್ತಿದೆ. ಒಂದೂವರೆ ಕೋಣೆಯ ಮನೆಯಲ್ಲಿ, ಮಾತಾಡಲು ತನ್ನ ಭಾಷೆಯವರಿಲ್ಲದ ಕಟ್ಟಡದಲ್ಲಿ ಹಲವು ತಿಂಗಳು ಕಳೆಯುವುದು ತೋಟದಲ್ಲಿ ಬದುಕಿದವರಿಗೆ ಸುಲಭವಲ್ಲ. ಊರಿನಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಇಲ್ಲಿರುವುದೇ ಮೇಲು. ಇದನ್ನೂ ಅವರನ್ನೇ ಕೇಳಬೇಕು. ಆದರೆ ಕೇಳುತ್ತ, ಯೋಚಿಸುತ್ತ ತಿಂಗಳುಗಟ್ಟಲೆ ಕಳೆಯುವಂತಿಲ್ಲ. ಖರ್ಚಿನ ಚಿಂತೆಯಿರುವವರು ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಂಡು, ತಮ್ಮ ರಾಜ್ಯದ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ಸಲ್ಲುತ್ತದೆಯೇ ಎಂದು ವಿಚಾರಿಸಬೇಕು.

ಬಾಯಿಯ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಕುತ್ತಿಗೆಯಲ್ಲಿ ಗಂಟು ಕಾಣದಿರುವಾಗ ಅಲ್ಲಿನ ಗ್ರಂಥಿಗಳನ್ನೇಕೆ ತೆಗೆಯಬೇಕೆಂದು ರೋಗಿಗಳು ಕೇಳುವುದುಂಟು. ಟಾಟಾ ಆಸ್ಪತ್ರೆಯ ವೈದ್ಯರೇ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರ ಕೊಟ್ಟಿದೆ. ಆರಂಭದ ಹಂತದ ರೋಗಿಗಳಲ್ಲಿ ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ಅನಂತರ ಶೇಕಡಾ 80ರಷ್ಟು ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಶೇಕಡಾ 67.5. ರೋಗ ಮುಂದುವರಿದಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಅದು ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಸುಮಾರು ಆರು ವಾರ ನಡೆಯುತ್ತದೆ. ಇದಕ್ಕೆ ಮೊದಲು ದಂತವೈದ್ಯರಿಗೆ ತೋರಿಸಿ ಕೆಟ್ಟ ಹಲ್ಲುಗಳನ್ನು ತೆಗೆಸುವುದನ್ನು ಮರೆಯಬಾರದು. ವಿಕಿರಣ ತಗುಲಿದ ದವಡೆಯಲ್ಲಿ ಅನಂತರ ಹಲ್ಲು ಕಿತ್ತರೆ ಗಾಯ ಸುಲಭವಾಗಿ ಮಾಯುವುದಿಲ್ಲ.

ಆ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು ವೈದ್ಯರಿಗೆ ಎರಡು ಪ್ರಶ್ನೆ ಹಾಕಿದರು. ಮುಂದೆ ಮಾತಾಡಲು ಬರುತ್ತದೆಯೇ ಎಂಬುದು ಮೊದಲನೆಯದು. ಊರಿಗೆ ಒಮ್ಮೆ ಹೋಗಿ ತೋಟದ ಕಾಗದಪತ್ರಗಳನ್ನು ಸರಿಪಡಿಸಿ ಬರಲು ಸಮಯವಿದೆಯೇ ಎಂಬುದು ಎರಡನೆಯದು. ಮಾತು ಸ್ವಲ್ಪ ತೊದಲಬಹುದು, ಅಭ್ಯಾಸದಿಂದ ಸುಧಾರಿಸುತ್ತದೆ, ಪ್ರಯಾಣ ಮಾತ್ರ ಬೇಡವೆಂದು ವೈದ್ಯರು ಹೇಳಿದರು. ಮಗ ಊರಿಗೆ ಹೋಗಿ ಕಾಗದಗಳನ್ನು ಇಲ್ಲಿಗೇ ತಂದನು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅವರು ಅವುಗಳಿಗೆ ರುಜು ಹಾಕಿ, ಆಸ್ಪತ್ರೆಯ ಒಪ್ಪಿಗೆಯ ಕಾಗದವನ್ನು ಮಗಳಿಂದ ಕನ್ನಡದಲ್ಲಿ ಓದಿಸಿಕೊಂಡು ಅದಕ್ಕೂ ರುಜು ಹಾಕಿದರು. ಕವಳದ ಸಂಚಿಯನ್ನು ಏನು ಮಾಡಲೆಂದು ಮಗಳು ಕೇಳಿದಾಗ, ಅದರಲ್ಲಿನ ಸುಣ್ಣದ ಡಬ್ಬಿ ಬೆಳ್ಳಿಯದು, ಎಸೆಯಬೇಡ ಎಂದರಂತೆ.